ಹಗೇವಿನ ಮೇಲೆ ಊದುಬತ್ತಿ

ಹೋದ ಭಾನುವಾರ ನೀವು ಮೂವರೂ ಅಟ್ಟೂರಿಗೆ ಹೋಗಿ ನಮ್ಮ ಹಳೆಯ ಮನೆಯ ಫೋಟೋ ತೆಗೆದುಕೊಂಡು ಬಂದಿರಿ. ‘ಅಜ್ಜಿ, ಕಂಬಗಳೆಲ್ಲ ಹಾಗೇ ಇವೆ. ವರ್ಕ್‌ಶಾಪ್‌ಗೆ ಕೊಟ್ಟಿದ್ದಕ್ಕೇ ತೊಟ್ಟಿಮನೆ ಉಳೀತು, ಇಲ್ದಿದ್ರೆ ಯಾವತ್ತೋ ಒಡೆದು ಹಾಕ್ತಿದ್ರು’ ಅಂದಿರಿ. ನಾನು ತಲೆಯಾಡಿಸಿ ಕಾಫಿ ಮಾಡಲು ಎದ್ದೆ. ಎದುರಿಗೆ ಕೂತವರಿಗೆ ಆಗಿಂದಾಗಲೇ ಉತ್ತರ ಕೊಡುವುದು ನನಗೆ ಈ ವಯಸ್ಸಿನಲ್ಲೂ ಬಂದಿಲ್ಲ. ನೀವು ಹೋದ ಮೇಲೆ ಸಿಟ್ಟು ಬಂತು, ಇನ್ನೂ ಇಳಿದಿಲ್ಲ. ಆ ಮನೆ ಹೇಗೆ ‘ಉಳೀತು’ ಎಂದು ಬರೆದಿಡುತ್ತೇನೆ, ಓದಿಕೊಳ್ಳಿ.

ನಾನು ಮದುವೆಯಾಗಿ ಬಂದಾಗ ಅಟ್ಟೂರು ಇನ್ನೂ ಹಳ್ಳಿಯೇ. ಬಾಗಿಲು ದಾಟಿದರೆ ಎಡಕ್ಕೆ ದನ ಕಟ್ಟುವ ಜಾಗ, ನಡುವೆ ಆಕಾಶ ಕಾಣುವ ತೊಟ್ಟಿ, ಅದರ ಸುತ್ತ ಪಡಸಾಲೆ. ದನಗಳೂ ನಾವೂ ಒಂದೇ ಬಾಗಿಲಲ್ಲಿ ಓಡಾಡುತ್ತಿದ್ದೆವು. ಮಳೆನೀರು ತಾಕದ ಮೂಡಲ ಪಡಸಾಲೆಯ ನೆಲದ ಕೆಳಗೆ ನಮ್ಮ ಹಗೇವು ಇತ್ತು. ಹಗೇವು ಎಂದರೆ ರಾಗಿ ತುಂಬಿಡುವ ಗುಂಡಿ. ಬಾಯಿ ಕಿರಿದು, ಹೊಟ್ಟೆ ಅಗಲ, ನೆಲದೊಳಗೆ ದೊಡ್ಡ ಗಡಿಗೆ ಹೂತಿಟ್ಟ ಹಾಗೆ. ಸುಗ್ಗಿ ಮುಗಿದ ಮೇಲೆ ರಾಗಿ ಸುರಿದು, ಬಾಯಿಗೆ ಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿ, ಸಗಣಿಯಲ್ಲಿ ಸಾರಿಸಿಬಿಟ್ಟರೆ ಬಂದವರಿಗೆ ಬರೀ ನೆಲ ಕಾಣಿಸುತ್ತಿತ್ತು. ಹಾಗೇ ಕಾಣಿಸಬೇಕಿತ್ತು. ಯಾವ ಮನೆಯ ಹಗೇವು ಎಲ್ಲಿದೆ ಎಂದು ಆ ಮನೆಯವರು ಹೊರಗಿನವರಿಗೆ ಹೇಳುತ್ತಿರಲಿಲ್ಲ. ಕಳ್ಳರ ಭಯ ಒಂದು, ಕಣ್ಣು ಬೀಳುವ ಭಯ ಇನ್ನೊಂದು. ನನಗೆ ನಮ್ಮತ್ತೆ ಅದನ್ನು ತೋರಿಸಿದ್ದು ನಿಮ್ಮಮ್ಮ ಹುಟ್ಟಿದ ಮೇಲೆ.

ನಿಮ್ಮ ತಾತ ತೀರಿಕೊಂಡಾಗ ನಿಮ್ಮಮ್ಮ ಇನ್ನೂ ಶಾಲೆಗೆ ಸೇರಿರಲಿಲ್ಲ, ನಿಮ್ಮ ಮಾವ ಸೇರಿದ್ದ. ಅತ್ತೆಯೂ ಹೋಗಿ ಆಗಿತ್ತು. ಹೊಲ ಪಾಲಾಯಿತು, ಒಲೆ ಬೇರೆಯಾಯಿತು, ಮನೆ ಮಾತ್ರ ಒಂದೇ ಉಳಿಯಿತು. ನಿಮ್ಮ ತಾತನ ಅಣ್ಣ, ಅಂದರೆ ನನ್ನ ಭಾವ, ತಮ್ಮ ಪಾಲನ್ನು ಸೈಟು ಮಾಡುವವರಿಗೆ ಮಾರಿ, ಮೋಟರ್ ಸೈಕಲ್ ಕೊಂಡು, ಬಿಳಿ ಪ್ಯಾಂಟು ಹಾಕಿಕೊಂಡರು. ನಾನು ಮಾರಲಿಲ್ಲ. ಆಮೇಲೆ ಹಗೇವಿನಲ್ಲಿ ಬೀಳುತ್ತಿದ್ದದ್ದು ನನ್ನ ಹೊಲದ ರಾಗಿ ಮಾತ್ರ. ನಾವು ಮೂರು ಜನ ವರ್ಷವೆಲ್ಲ ಉಣ್ಣುತ್ತಿದ್ದದ್ದು ಅದನ್ನೇ.

ಎಂಬತ್ತರ ಆಚೀಚೆ ಯಲಹಂಕದ ಸುತ್ತ ಕಾರ್ಖಾನೆಗಳು ಬಂದವು, ಅವಕ್ಕೆ ಬಿಡಿಭಾಗ ಮಾಡಿಕೊಡುವವರು ಬಂದರು. ಭಾವ ಮನೆಯ ಮುಂಭಾಗವನ್ನು ಕಬ್ಬಿಣ ಕಡೆಯುವ ಒಂದು ಲೇತ್ ವರ್ಕ್‌ಶಾಪಿಗೆ ಬಾಡಿಗೆಗೆ ಕೊಟ್ಟರು. ದನ ಕಟ್ಟುವ ಜಾಗ, ತೊಟ್ಟಿ, ಪಡಸಾಲೆ ಎಲ್ಲ ಅವರಿಗೆ, ಹಿಂದಿನ ಅಡುಗೆಮನೆ ಮತ್ತು ಕೋಣೆಗಳು ನಮಗೆ. ನನ್ನನ್ನು ಯಾರೂ ಕೇಳಲಿಲ್ಲ. ನಮ್ಮಲ್ಲಿ ತಮ್ಮನ ಹೆಂಡತಿ ಭಾವನೊಂದಿಗೆ ನೇರ ಮಾತಾಡುವ ವಾಡಿಕೆಯೂ ಇರಲಿಲ್ಲ. ನನ್ನ ಮಾತನ್ನು ವಾರಗಿತ್ತಿ ಅವರಿಗೆ ಮುಟ್ಟಿಸಬೇಕು, ಅವರ ಮಾತನ್ನು ನನಗೆ. ದಾರಿಯಲ್ಲಿ ಎಷ್ಟು ಸೋರುತ್ತಿತ್ತೋ.

ಆಗ ನನ್ನ ತಾಯಿಗೆ ಕಾಯಿಲೆಯಾಗಿ ಮಕ್ಕಳನ್ನು ಕರೆದುಕೊಂಡು ಹುಣಸಮಾರನಹಳ್ಳಿಗೆ ಹೋದೆ. ಹೋಗುವಾಗ ವಾರಗಿತ್ತಿಗೆ ಹೇಳಿದ್ದೆ, ‘ಅಕ್ಕ, ನೆಲಕ್ಕೆ ಗಾರೆ ಹಾಕೋಕೆ ಮುಂಚೆ ಅಗೇವು ಖಾಲಿ ಮಾಡ್ಬೇಕು, ನಾನು ಬರೋಗಂಟ ನಿಲ್ಸಕ್ಕೇಳು’ ಎಂದು. ತಿರುಗಿ ಬಂದಾಗ ತೊಟ್ಟಿಯ ಮೇಲೆ ಶೀಟು ಕೂತಿತ್ತು, ಆಕಾಶ ಇರಲಿಲ್ಲ. ಪಡಸಾಲೆಯ ತುಂಬ ಸಿಮೆಂಟು, ಮೇಲೆ ದಾರ ಹಿಡಿದು ಎಳೆದ ಗೆರೆ.

‘ಅಕ್ಕ, ನನ್ ರಾಗಿ?’

‘ನನ್ನ ಕೇಳ್ಬ್ಯಾಡ ಕಣಮ್ಮಿ. ಮೇಸ್ತ್ರಿ ಬಂದ, ಕಲಸ್ದ, ಸುರುದ. ನಾನು ಒಲೆ ಮುಂದಿದ್ದೆ.’

ಭಾವ ಉಣ್ಣುತ್ತಾ ಕೂತಿದ್ದರು. ಗೋಡೆ ನೋಡಿಕೊಂಡು ಹೆಂಡತಿಗೆ ಹೇಳಿದರು: ‘ಅವ್ಳಿಗೇಳು, ರಾಗಿ ಎಲ್ಗೂ ಓಡೋಗಲ್ಲ. ಅಗೇವಿನ ರಾಗಿ ಕೆಡ್ತದಾ? ಮೊಮ್ಮಕ್ಕಳ ಕಾಲಕ್ಕೂ ಅಂಗೇ ಇರ್ತದೆ.’

ಮೊಮ್ಮಕ್ಕಳು ಎಂದರೆ ನೀವು. ನಿಮಗಾಗಿ ಇಟ್ಟರಂತೆ, ನಿಮ್ಮಮ್ಮನ ತಟ್ಟೆಯಿಂದ ತೆಗೆದು.

ಬಾಡಿಗೆಗೆ ಬಂದವರು ಗದಗದ ಕಡೆಯವರು. ಒಳಗೆ ಗುಂಡಿ ಇದೆ ಎಂದು ಭಾವ ಅವರಿಗೆ ಹೇಳಿರಲಿಲ್ಲ. ಹಗೇವಿನ ವಿಷಯ ಹೊರಗೆ ಹೋಗಬಾರದು ಎನ್ನುವುದು ಬಾಯಿಮಾತು, ನೆಲ ಟೊಳ್ಳು ಎಂದು ತಿಳಿದರೆ ಅವರು ಮನೆ ಬೇಡವೆಂದಾರು ಎನ್ನುವುದು ಒಳಗಿನ ಮಾತು. ಆದರೆ ಅದರ ಮೇಲೆ ಯಂತ್ರ ಕೂತರೆ ಕುಸಿಯುತ್ತದಲ್ಲ? ಅದಕ್ಕೂ ಉಪಾಯ ಕಂಡುಕೊಂಡಿದ್ದರು. ಆ ಜಾಗದಲ್ಲಿ ನಮ್ಮ ಮನೆದೇವರು ಇದ್ದಾನೆ, ಅಲ್ಲಿ ಭಾರ ಇಡಬಾರದು, ಚಪ್ಪಲಿ ಕಾಲಲ್ಲಿ ತುಳಿಯಬಾರದು ಎಂದುಬಿಟ್ಟರು. ವರ್ಕ್‌ಶಾಪಿನವರು ಭಕ್ತಿವಂತರು. ಲೇತನ್ನು ಆಚೆ ಗೋಡೆಗೆ ಸರಿಸಿ, ಹಗೇವಿನ ಮೇಲೆ ಸುಣ್ಣದಲ್ಲಿ ಚೌಕ ಬರೆದು, ದಿನಾ ಬೆಳಿಗ್ಗೆ ಅರಿಶಿನ ಕುಂಕುಮ ಇಟ್ಟು ಊದುಬತ್ತಿ ಹಚ್ಚತೊಡಗಿದರು. ಕೆಲಸದ ಹುಡುಗರೂ ಕೈಮುಗಿದೇ ಸ್ವಿಚ್ ಹಾಕುತ್ತಿದ್ದರು.

‘ದೇವ್ರೇ, ಇವತ್ತು ಒಂದು ಪೀಸೂ ರಿಜೆಕ್ಟ್ ಆಗ್ದಿರ್ಲಪ್ಪ.’

‘ನೀನು ಅಳತೆ ಸರ್ಯಾಗಿ ತಗೋ ಗುರು, ದೇವ್ರಿಗೇನು ನಿನ್ ಪೀಸು ಉಜ್ಜೋದೇ ಕೆಲ್ಸಾನಾ?’

ಅವರು ನಗುತ್ತಿದ್ದರು. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತು ನನ್ನ ರಾಗಿಗೆ ಮಂಗಳಾರತಿ ಆಗುವುದನ್ನು ನೋಡುತ್ತಿದ್ದೆ. ದಿನಬಳಕೆಗೆಂದು ಅಡುಗೆಮನೆಯ ಗುಡಾಣದಲ್ಲಿ ತೆಗೆದಿಟ್ಟಿದ್ದ ರಾಗಿ ತಳ ಕಂಡಿತು. ಹೊಲ ಇಟ್ಟುಕೊಂಡವಳು ಯಲಹಂಕದ ಅಂಗಡಿಯಲ್ಲಿ ರಾಗಿ ಹಿಟ್ಟು ಕೊಂಡೆ, ಯಾರಾದರೂ ನೋಡಿಯಾರೆಂದು ಸೆರಗಿನೊಳಗೆ ಮುಚ್ಚಿಕೊಂಡು ತಂದೆ. ವಾರಗಿತ್ತಿಯ ಮೂಲಕ ಮತ್ತೆ ಮತ್ತೆ ಕೇಳಿಸಿದೆ. ಪ್ರತಿ ಸಲವೂ ಬಂದ ಉತ್ತರ ಅದೇ, ಕೆಡಲ್ಲ.

ಒಂದು ಶುಕ್ರವಾರ ನಿಮ್ಮಮ್ಮ ಎರಡನೇ ಮುದ್ದೆ ಕೇಳಿದಳು. ಇಲ್ಲ ಎಂದೆ. ಅವಳು ಹಟ ಮಾಡಲಿಲ್ಲ, ಕೈ ನೆಕ್ಕಿಕೊಂಡು ಎದ್ದಳು. ಹಟ ಮಾಡಿದ್ದರೆ ಗದರಿ ಸುಮ್ಮನಾಗುತ್ತಿದ್ದೆನೇನೋ. ಆಚೆ ವರ್ಕ್‌ಶಾಪಿನವರು ಹೊಸ ಆರ್ಡರು ಬಂದಿದೆಯೆಂದು ಆ ಚೌಕದ ಮುಂದೆ ತೆಂಗಿನಕಾಯಿ ಒಡೆಯುತ್ತಿದ್ದರು. ನಾನು ಬಾಗಿಲು ದಾಟಿ ಪಡಸಾಲೆಗೆ ಹೋದೆ. ಪರಗಂಡಸರ ಮುಂದೆ ನಾನು ಹಾಗೆ ನಿಂತದ್ದು ಅದೇ ಮೊದಲು.

‘ಅಲ್ಲಿರೋದು ದೇವ್ರಲ್ಲ. ನನ್ ಮಕ್ಕಳ ರಾಗಿ.’

ವರ್ಕ್‌ಶಾಪಿನ ಯಜಮಾನರಿಗೆ ಅರ್ಥವಾಗಲಿಲ್ಲ. ‘ಏನಂದ್ರಿ ಅಕ್ಕಾರ?’

‘ಕೆಳಗೆ ಅಗೇವೈತೆ. ತುಂಬ ರಾಗಿ ಐತೆ. ಮೇಲೆ ಗಾರೆ ಹಾಕವ್ರೆ.’

ಅವರು ಕಾಯಿ ಕೆಳಗಿಟ್ಟು ಸುತ್ತಿಗೆ ತರಿಸಿದರು. ನೆಲವನ್ನು ಕುಟ್ಟುತ್ತಾ ಬಂದು ಚೌಕದ ಹತ್ತಿರ ನಿಂತರು. ಸದ್ದು ಬದಲಾಗಿತ್ತು.

‘ಯಪ್ಪಾ, ಹಗೇವು. ನಮ್ಮೂರಾಗ ಇದ್ರಾಗ ಜ್ವಾಳ ತುಂಬ್ತೀವ್ರಿ. ಕಾಳು ಇರೋ ಹಗೇದ ಮ್ಯಾಲ ಯಾರರ ಗಾರಿ ಹಾಕ್ತಾರೇನು? ನೋಡ್ರಲೇ, ಇಷ್ಟ್ ದಿನ ನಾವು ಇವರ ಮನಿ ರಾಗಿಗೆ ಕಾಯಿ ಒಡದೇವಿ.’

ಅಷ್ಟರಲ್ಲಿ ಭಾವ ಬಂದರು. ‘ದೇವ್ರ ಜಾಗ ಅಂತ ಏಳಿರ್ಲಿಲ್ವೇನ್ರೀ? ಸುತ್ತಿಗೆ ಯಾಕಿಡ್ದಿದ್ದೀರ?’

‘ಹೇಳಿದ್ರಿ. ಯಾವ ದೇವ್ರು ಅಂತ ಹೇಳಿದ್ದಿಲ್ಲ. ಅಕ್ಕಾರು ಹೇಳಿದ್ರು.’

ಭಾವ ನನ್ನ ಕಡೆ ತಿರುಗಿದರು. ಅಷ್ಟು ವರ್ಷಗಳಲ್ಲಿ ಅವರು ನನ್ನೊಂದಿಗೆ ನೇರವಾಗಿ ಆಡಿದ ಮೊದಲ ಮಾತು ಇದು: ‘ಅಗೇವಿನ ವಿಷ್ಯ ಪರಸ್ಥಳದೋರ್ಗೆ ಏಳ್ಕೊಟ್ಯಾ? ಮನೆ ಮರ್ವಾದೆ ಕಳುದ್ಯಲ್ಲ.’

‘ಮರ್ವಾದೇಲಿ ಮುದ್ದೆ ಕಟ್ಟಕ್ಕಾಗಲ್ಲ ಭಾವ. ಒಡೀಲಿ’ ಎಂದೆ.

ಒಡೆದರು. ಚಪ್ಪಡಿ ಸರಿಸಿ, ಒಳಗಿನ ಕೆಟ್ಟ ಗಾಳಿ ಹೋಗಲೆಂದು ಮಾರನೆಯ ದಿನದವರೆಗೂ ಹಾಗೇ ಬಿಟ್ಟರು. ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಸಿದಾಗ ಮೊದಲು ದೀಪ ಆರಿತು. ಸ್ವಲ್ಪ ತಡೆದು ಮತ್ತೆ ಇಳಿಸಿದಾಗ ನಿಂತಿತು. ಆಗ ಒಬ್ಬ ಇಳಿದು ಮೊದಲ ಕುಕ್ಕೆ ಮೇಲೆ ಕೊಟ್ಟ. ಹಸಿ ಸಿಮೆಂಟಿನ ನೀರು ಬಾಯಿಯೊಳಗೆ ಇಳಿದು, ಮೇಲಿನ ರಾಗಿ ಕಪ್ಪಗೆ ಹೆಂಟೆ ಕಟ್ಟಿ ಮುಗ್ಗಲು ನಾರುತ್ತಿತ್ತು. ಕೆಡಲ್ಲ ಎಂದವರ ಮುಂದೆ ಆ ಹೆಂಟೆಯನ್ನು ಇಟ್ಟೆ. ಅವರು ಮೋಟರ್ ಸೈಕಲ್ ಹತ್ತಿ ಹೋದರು. ಕೆಳಗಿನ ರಾಗಿ ಬೆಚ್ಚಗೆ, ಚೆನ್ನಾಗಿತ್ತು. ಅದನ್ನು ಚೀಲಕ್ಕೆ ತುಂಬಿ ಅಡುಗೆಮನೆಗೆ ಹೊತ್ತೆ. ಅವತ್ತು ನಿಮ್ಮಮ್ಮ ಬೇಕಾದಷ್ಟು ಉಂಡಳು.

ಕಥೆ ಇಲ್ಲಿಗೆ ಸುಖವಾಗಿ ಮುಗಿಯಿತು ಎಂದುಕೊಳ್ಳಬೇಡಿ. ಹಗೇವು ಖಾಲಿಯಾಯಿತಲ್ಲ, ಇನ್ನು ಅಲ್ಲಿ ದೇವರೂ ಇಲ್ಲ, ರಾಗಿಯೂ ಇಲ್ಲ. ವರ್ಕ್‌ಶಾಪಿನವರು ಟೊಳ್ಳು ನೆಲ ತಮಗೆ ಆಗದು, ತುಂಬಿಸಿಕೊಡಿ ಎಂದರು. ನನ್ನ ಪರವಾಗಿ ಸುತ್ತಿಗೆ ಹಿಡಿದವರೇ. ಅವರಿಗೂ ಬೇಕಿದ್ದದ್ದು ಎರಡನೇ ಲೇತಿಗೆ ಜಾಗ. ದನಗಳು ಮೇಯುತ್ತಿದ್ದ ಗೋದಲಿಯ ಕಲ್ಲು, ನಮ್ಮತ್ತೆ ರುಬ್ಬುತ್ತಿದ್ದ ಒರಳು, ಒಡೆದ ಮಣ್ಣುಗೋಡೆ, ಎಲ್ಲವನ್ನೂ ಭಾವ ಅದರ ಬಾಯಿಗೆ ಸುರಿಸಿದರು. ಒರಳನ್ನಾದರೂ ಬಿಡಿ ಎಂದೆ. ಆ ಹೊತ್ತಿಗೆ ನಾವು ಮತ್ತೆ ಮಾತಾಡದವರಾಗಿದ್ದೆವು. ನನ್ನ ಮಾತು ಯಾರಿಗೂ ಕೇಳಿಸಲಿಲ್ಲ, ಮೇಲೆ ಹೊಸ ಸಿಮೆಂಟು ಬಿತ್ತು.

ಮುಂದಿನ ಸುಗ್ಗಿಯ ರಾಗಿಯನ್ನು ಚೀಲಗಳಲ್ಲಿ ಇಟ್ಟೆ, ಇಲಿಗಳು ಕೊರೆದು ಹಾಳುಮಾಡಿದವು. ಅದರ ಮುಂದಿನ ವರ್ಷ ಬೆಳೆಯಲ್ಲಿ ಪಾಲು ಬರುವಂತೆ ಹೊಲವನ್ನು ವಾರಕ್ಕೆ ಕೊಟ್ಟು, ಮಕ್ಕಳನ್ನು ಕರೆದುಕೊಂಡು ಮತ್ತಿಕೆರೆಯ ಬಾಡಿಗೆ ಕೋಣೆಗೆ ಬಂದೆ. ಆ ಮನೆಯಲ್ಲಿ ಉಣ್ಣಲು ಬೇಕಾದದ್ದು ಒಂದೂ ಉಳಿದಿರಲಿಲ್ಲ. ಕಂಬಗಳು ಉಳಿದವು. ಯಂತ್ರದ ಬೆಲ್ಟು ಕಟ್ಟಲು ಅವು ಅನುಕೂಲವಾಗಿದ್ದವು.

ಇನ್ನೊಮ್ಮೆ ಹೋಗುವುದಾದರೆ ಮೂಡಲ ಪಡಸಾಲೆಯ ನೆಲ ನೋಡಿ. ಒಂದು ಕಡೆ, ಬಂಡಿಯ ಗಾಲಿಯಷ್ಟು ಅಗಲಕ್ಕೆ ಸಿಮೆಂಟಿನ ಬಣ್ಣ ಬೇರೆ ಇರುತ್ತದೆ. ಫೋಟೋ ತೆಗೆದರೆ ಅದರದ್ದು ತೆಗೆಯಿರಿ. ಕಂಬಗಳದ್ದು ಸಾಕು.