ಖಾಲಿ ಸೀಟಿಗೆ ಟವೆಲ್

ಟ್ರಂಕಿನ ತಳದಲ್ಲಿದ್ದ ಹಳೆಯ ಪ್ರಾಕ್ಟಿಕಲ್ ನೋಟ್‌ಬುಕ್ ಬಿಚ್ಚಿದ ಕೂಡಲೇ ಮೂರು ಸೀನು ಬಂದವು. ಇಷ್ಟು ವರ್ಷವಾದರೂ ಒಣಮೆಣಸಿನಕಾಯಿಯ ಘಾಟು ಹೋಗಿಲ್ಲವೆಂದರೆ ನೀವು ನಂಬಲಿಕ್ಕಿಲ್ಲ. ಬ್ಯಾಡಗಿಯಲ್ಲಿ ನಾವು ಕಂಪ್ಯೂಟರ್ ಕಲಿಯುತ್ತಿದ್ದ ಕೋಣೆಯ ಕೆಳಗೇ ಮೆಣಸಿನಕಾಯಿ ಗೋದಾಮು. ಪಾಠಕ್ಕಿಂತ ಸೀನೇ ಹೆಚ್ಚು. ಕರವಸ್ತ್ರ ಮೂಗಿಗೆ ಹಿಡಿದೇ ಬೋರ್ಡಿನ ಮೇಲೆ ಬರೆಯುತ್ತಿದ್ದ ಮಾಸ್ತರರು ನೆನಪಾದರು...

ಅವರು ರಾಣೇಬೆನ್ನೂರಿನವರು. ಮನೆಯಲ್ಲಿ ಉರ್ದು, ನಮ್ಮೊಡನೆ ಕನ್ನಡ, ಕಂಪ್ಯೂಟರನ್ನು ಬೈಯುವಾಗ ಎರಡೂ. ನಾನು ಹಾವೇರಿಯಿಂದ ಬಸ್ಸಿನಲ್ಲಿ ಹೋಗುತ್ತಿದ್ದೆ. ಒಂದು ದಿನ ಅವರು ಬೋರ್ಡಿನ ಮೇಲೆ, ಫೋಟೋ, ಹಾಡುಗಳಂಥ ಫೈಲನ್ನು ಬರೀ ಅಕ್ಷರಗಳಾಗಿ ಬದಲಿಸುವ ಪ್ರೋಗ್ರಾಂ ಬರೆದರು. ಅದು ಫೈಲಿನ ಚಿಕ್ಕ ತುಣುಕುಗಳಾದ ಬೈಟುಗಳನ್ನು ಮೂರು ಮೂರಾಗಿ ತೆಗೆದುಕೊಂಡು ನಾಲ್ಕು ನಾಲ್ಕು ಅಕ್ಷರ ಮಾಡುತ್ತದೆ. ಕೊನೆಗೆ ಒಂದೇ ಬೈಟು ಉಳಿದರೆ ಏನು ಗತಿ ಎಂದು ನಾನು ಕೇಳಿದೆ.

"ಮೂರು ಮಂದಿ ಸೀಟಿಗೆ ಒಬ್ಬಾಂವನ ಬಂದ್ರ ಏನ್ ಮಾಡ್ತೀರಿ? ಖಾಲಿ ಜಾಗಕ್ಕ ಟವೆಲ್ ಹಾಕ್ತೀರಿಲ್ಲೋ?" ಎಂದರು.

ಆ ಟವೆಲ್ಲೇ ಸಾಲಿನ ಕೊನೆಗೆ ಬರುವ ಸಮ ಚಿಹ್ನೆ (=). ಒಂದು ಜಾಗ ಖಾಲಿಯಿದ್ದರೆ ಒಂದು, ಎರಡಿದ್ದರೆ ಎರಡು. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ನಮಗೆ ಬೇರೆ ವಿವರಣೆ ಬೇಕಿರಲಿಲ್ಲ.

ಆದರೆ ಕಂಪ್ಯೂಟರಿಗೆ ಹಾಕಿದರೆ ಪ್ರೋಗ್ರಾಂ ಓಡಲೇ ಇಲ್ಲ. ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್, ಆ ಟವೆಲ್ ಹಾಕುವ ಸಾಲಿಗೆ ಬಂದು ಸತ್ತೇ ಹೋಯಿತು. ತಪ್ಪು ಎಲ್ಲಿದೆ ಎಂದು ಹೇಳುವ ಸೌಜನ್ಯವೂ ಅದಕ್ಕಿರಲಿಲ್ಲ. ಮಾಸ್ತರರು ಮಾತ್ರ ಖುಷಿಯಾಗಿಬಿಟ್ಟರು! ತಪ್ಪು ನಮ್ಮದಲ್ಲ, ಕಂಪೈಲರಿನದು. ಅದನ್ನು ಮಾಡಿದವರಿಗೇ ಬರೆದು ಕಳಿಸುತ್ತೇನೆ ಎಂದು ಉಳಿದ ಮಾಸ್ತರರಿಗೆಲ್ಲ ಹೇಳಿ ಬಂದರು.

ಅಷ್ಟರಲ್ಲಿ ನಾನೊಬ್ಬಳು ಜಾಣಿ, ಆ ಸಾಲನ್ನು ಬೇರೆ ರೀತಿಯಲ್ಲಿ ಬರೆದು ಹಳೆಯದರ ಮೇಲೇ ಸೇವ್ ಮಾಡಿದೆ, ಹಳೆಯದು ಅಳಿಸಿಹೋಯಿತು. ಪ್ರೋಗ್ರಾಂ ಓಡಿತು. ಶಭಾಷ್ ಅನ್ನುತ್ತಾರೆಂದು ನಿಂತಿದ್ದೆ.

ಅವರು ಬಗ್ಗಿ ಸ್ಕ್ರೀನಿನ ಮೇಲೆ ಆ ಸಾಲನ್ನು ಓದಿದರು. "ಛಲೋ ಮಾಡಿದಿ ತಂಗಿ, ಖರೇ. ಆದ್ರ ಈಗ ನನ್ನ ಮಾತಿಗೆ ಸಾಕ್ಷಿ ಎಲ್ಲೈತಿ?"

ಬೋರ್ಡು ಆಗಲೇ ಒರೆಸಿಯಾಗಿತ್ತು. ವಾರಗಟ್ಟಲೆ ನೆನಪಿನಿಂದ ಬರೆದು ನೋಡಿದರು. ಸತ್ತು ಬೀಳಬೇಕಾದ ಕಂಪೈಲರ್ ಬೀಳಲೇ ಇಲ್ಲ. ಕುಣಿಯಾಕ ಬರದಾಕಿ ನೆಲ ಡೊಂಕು ಅಂದ್ಲಂತ ಎಂದು ಜೊತೆಯ ಮಾಸ್ತರರು ನಕ್ಕರು. ಇವರೂ ನಕ್ಕರು. ಕಾಗದ ಮಾತ್ರ ಬರೆಯಲಿಲ್ಲ.

ಈಗ ಅದೇ ಕಂಪೈಲರನ್ನು ನೋಡಿಕೊಳ್ಳುವ ನಾಲ್ಕಾರು ಜನರಲ್ಲಿ ನಾನೂ ಒಬ್ಬಳು. ಮೊನ್ನೆ ಯಾರೋ, ಇಂಥದೇ ಪ್ರೋಗ್ರಾಮಿನಲ್ಲಿ ಅದು ಬಿತ್ತೆಂದು ಬರೆದಿದ್ದರು. ಯಾವ ಸಾಲಿನಲ್ಲಿ ಎಂದು ತಿಳಿಸಿರಲಿಲ್ಲ. ಮಾಸ್ತರರ ಟವೆಲ್ ಸಾಲೇ ಇರಬೇಕೆನಿಸಿತು. ಅದಕ್ಕೇ ಟ್ರಂಕು ತೆಗೆದದ್ದು. ನೋಟ್‌ಬುಕ್ಕಿನಲ್ಲಿ, ನಾನು ತಿದ್ದುವ ಮೊದಲು ಬೋರ್ಡಿನಿಂದ ಇಳಿಸಿಕೊಂಡ ಪ್ರೋಗ್ರಾಂ ಹಾಗೇ ಇತ್ತು.

ಟೈಪ್ ಮಾಡಿದೆ. ಬೀಳಲಿಲ್ಲ. ನೋಡಿದರೆ ನನ್ನ ಬೆರಳು ಆ ಸಾಲನ್ನು ಮತ್ತೆ ತಿದ್ದಿಬಿಟ್ಟಿತ್ತು, ಹುಟ್ಟುಗುಣ ಸುಟ್ಟರೂ ಹೋಗದು! ಎರಡನೆಯ ಸಲ ಅಕ್ಷರಕ್ಕೆ ಅಕ್ಷರ ನೋಡಿ ಹೊಡೆದೆ. ಕಂಪೈಲರ್ ಸತ್ತಿತು. ಮಾಸ್ತರರ ಮಾತು ಖರೆಯಾಗಿತ್ತು. ಸಾಕ್ಷಿ ಅಷ್ಟು ದಿನವೂ ನನ್ನ ಚೀಲದಲ್ಲೇ ಇತ್ತು. ಅಂದು ಹೊಳೆಯಲಿಲ್ಲ... ಹೊಳೆದಿದ್ದರೂ ನನ್ನ ಜಾಣತನ ಬಿಟ್ಟುಕೊಡುತ್ತಿದ್ದೆನೋ ಇಲ್ಲವೋ. ನಾಚಿಕೆಯಾಗುತ್ತದೆ.

ದೋಷ ಸರಿಪಡಿಸಿದೆವು. ಅದು ಮರಳಿ ಬರದಂತೆ, ಕಂಪೈಲರನ್ನು ಬದಲಿಸಿದಾಗಲೆಲ್ಲ ತಾನಾಗಿ ನಡೆಯುವ ಪರೀಕ್ಷೆಯೊಂದನ್ನು ಅವರ ಪ್ರೋಗ್ರಾಮಿನಿಂದಲೇ ಮಾಡಿದೆ. ಬದಲಿಸಲು ಕೊಡುವ ಪದ 'ಮಾಸ್ತರ್' ಎಂದಿಟ್ಟೆ. ಟವೆಲ್ ಬರಲೇ ಇಲ್ಲ! ಕಂಪ್ಯೂಟರಿನಲ್ಲಿ ಕನ್ನಡದ ಅಕ್ಷರ, ಕಾಗುಣಿತದ ಗುರುತು, ಪ್ರತಿಯೊಂದಕ್ಕೂ ಸರಿಯಾಗಿ ಮೂರು ಬೈಟು. ಕನ್ನಡದ ಪದ ಕೂತರೆ ಸೀಟು ಭರ್ತಿ. ಅವರಿಗೆ ಇದು ಗೊತ್ತಿತ್ತೋ ಇಲ್ಲವೋ. ಹೇಳಿದ್ದರೆ ಎಷ್ಟು ಖುಷಿಪಡುತ್ತಿದ್ದರು. ಎರಡು ವರ್ಷದ ಕೆಳಗೆ ತೀರಿಕೊಂಡರೆಂದು ಬ್ಯಾಡಗಿ ಬಸ್ಸಿನಲ್ಲಿ ಯಾರೋ ಹೇಳಿದ್ದರು.

ಟವೆಲ್ ಬರಬೇಕಾದರೆ ಒಂದೇ ಬೈಟು ಹಿಡಿಯುವ ಚಿಹ್ನೆ ಬೇಕಿತ್ತು. 'ಮಾಸ್ತರ್' ಎಂಬುದರ ಕೊನೆಗೆ ಪೂರ್ಣವಿರಾಮ ಹಾಕಿದೆ. ಎರಡು ಟವೆಲ್ ಬಂದವು, ಪರೀಕ್ಷೆ ಪಾಸಾಯಿತು. ಸೀಟು ಹಿಡಿದಿಟ್ಟಿದ್ದೇನೆ ಸರ್. ಬರುವವರು ಮಾತ್ರ ಇಲ್ಲ.