ಭತ್ತದ ಕಾಳಿನಷ್ಟು ರೈಟರು

ದೇವರ ಮುಂದೆ ಮನುಷ್ಯ ಅತ್ಯಲ್ಪನೆಂಬುದನ್ನು ಎಲ್ಲ ಮತದವರೂ ಒಪ್ಪುತ್ತಾರೆ. ಚಿತ್ರ ಬರೆದು ತೋರಿಸಿದರೆ ಮಾತ್ರ ಒಪ್ಪುವುದಿಲ್ಲ.

ಸಿದ್ದಾಪುರದ ನಮ್ಮ ಶಾಲೆಯ ಡ್ರಾಯಿಂಗ್ ಮಾಷ್ಟ್ರು ಒಂದು ಕಣ್ಣು ಮುಚ್ಚಿ, ಪೆನ್ಸಿಲನ್ನು ತೋಳುದ್ದ ಚಾಚಿ, ಸ್ಟಾಫ್ ರೂಮಿನಲ್ಲಿ ನಮ್ಮೆಲ್ಲರನ್ನೂ ಅಳೆಯುತ್ತಿದ್ದರು. "ಆಳನ್ನು ಸಣ್ಣ ಮಾಡಿ, ಕಟ್ಟಡ ತಾನೇ ಎದ್ದೇಳ್ತದೆ" ಎನ್ನುವುದು ಅವರ ಮಂತ್ರ.

ಊರಿನ ಪುಟ್ಟ ಚರ್ಚಿನ ಒಳಗನ್ನು ಅವರು ಬೇಸಿಗೆ ರಜೆಯಿಡೀ ತಾಮ್ರದ ತಗಡಿನ ಮೇಲೆ ಸೂಜಿಯಿಂದ ಗೀರಿ, ಆಸಿಡ್ಡಿನಲ್ಲಿ ಅದ್ದಿ, ಕಾಗದಕ್ಕೆ ಅಚ್ಚೊತ್ತಿದರು. ಅದು ಚರ್ಚಿನ ಗೋಡೆಯಲ್ಲಿ ತೂಗಬೇಕೆಂಬುದೊಂದೇ ಅವರ ಆಸೆ. ಚಿತ್ರದಲ್ಲಿ ಕಂಬಗಳು ಮುಗಿಲಿಗೇರಿದ್ದವು, ಅವುಗಳ ಬುಡದಲ್ಲಿ ಪ್ರಾರ್ಥನೆಗೆ ಬಂದ ಊರವರು ಚುಕ್ಕಿಗಳಾಗಿದ್ದರು. ಚರ್ಚಿಗೆ ಬೆಂಚು ದಾನ ಮಾಡಿದ್ದ ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಬಂದು ತಮ್ಮನ್ನೇ ಹುಡುಕಿದರು.

"ಮಾಷ್ಟ್ರೇ, ನಾನೆಲ್ಲಿ?"

"ಮೂರನೇ ಕಂಬದ ಬುಡದಲ್ಲಿ. ಭತ್ತದ ಕಾಳಿನಷ್ಟು ಇದ್ದೀರಲ್ಲಾ, ಅದೇ."

ರೈಟರು ಸ್ಕೇಲಿಟ್ಟು ಅಳೆದರು. "ನಾನು ಇಷ್ಟಾದ್ರೆ ನಮ್ಮ ಚರ್ಚು ನಮ್ಮ ತೋಟದ ಎರಡು ಸಿಲ್ವರ್ ಮರದ ಎತ್ತರ ಆಯ್ತಲ್ಲ ಮಾರಾಯ್ರೇ! ನನ್ನನ್ನು ಸ್ವಲ್ಪ ದೊಡ್ಡದು ಮಾಡಿ, ಗೋಡೆಗೆ ನಾನೇ ಮೊಳೆ ಹೊಡೆಸ್ತೇನೆ."

ಮಾಷ್ಟ್ರು ಒಂದು ಕಣ್ಣು ಮುಚ್ಚಿ, ಪೆನ್ಸಿಲ್ ಚಾಚಿ, ರೈಟರನ್ನು ಮತ್ತೊಮ್ಮೆ ಅಳೆದರು.

"ಇಲ್ಲ, ಸರಿಯಾಗೇ ಉಂಟು."

ಆ ಚಿತ್ರ ಈಗಲೂ ಸ್ಟಾಫ್ ರೂಮಿನಲ್ಲಿ, ಅವರು ಕೂರುತ್ತಿದ್ದ ಕುರ್ಚಿಯ ಮೇಲ್ಗಡೆ ಇದೆ.