ಹುಲಿಗೆಮ್ಮನ ಕಾಲಿಗೆ ಸಿಗದ ಕ್ಲಚ್ಚು

ಭದ್ರಾವತಿಯ ಜನ್ನಾಪುರದಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುವ ಹುಲಿಗೆಮ್ಮನ ಶಿಷ್ಯರನ್ನು ಗುರುತು ಹಿಡಿಯುವುದು ಸುಲಭ. ಹಿಂದಿನಿಂದ ಯಾರಾದರೂ "ಕ್ಲಚ್!" ಎಂದು ಕೂಗಿದರೆ ಸಾಕು, ತರಕಾರಿ ಚೀಲ ಹಿಡಿದು ನಡೆಯುತ್ತಿದ್ದವರೂ ಎಡಗಾಲು ಒತ್ತುತ್ತಾರೆ. ತನ್ನ ಹಳೆಯ ಕಾರಿನಲ್ಲಿ ಅವಳು ಪಕ್ಕದ ಸೀಟಿಗೂ ಒಂದು ಕ್ಲಚ್ಚು, ಒಂದು ಬ್ರೇಕು ಹಾಕಿಸಿಕೊಂಡಿದ್ದಳು.

ಕಳೆದ ವರ್ಷ ಶಿವಮೊಗ್ಗದ ಸಿಮೆಂಟ್ ವ್ಯಾಪಾರಿ ಕೊಟ್ರಬಸಪ್ಪ ಒಂದು ಪ್ಲಗ್-ಇನ್ ಹೈಬ್ರಿಡ್ ಕಾರು ಕೊಂಡರು. ಮನೆಯಲ್ಲೇ ಚಾರ್ಜ್ ಮಾಡಬಹುದು, ಪೆಟ್ರೋಲನ್ನೂ ಹಾಕಬಹುದು. ಹೆಂಡತಿ ಕಲ್ಲಮ್ಮನಿಗೆ ಅದನ್ನು ಓಡಿಸಲು ಕಲಿಸಬೇಕೆಂದು ಹುಲಿಗೆಮ್ಮನನ್ನು ಕರೆಸಿದರು.

"ಮೊದ್ಲು ಇಂಜಿನ್ ಸ್ಟಾರ್ಟ್ ಮಾಡ್ರಿ" ಎಂದಳು ಹುಲಿಗೆಮ್ಮ.

"ಹೋಗ್ತಾ ಇದೀವಲ್ರೀ" ಎಂದರು ಕಲ್ಲಮ್ಮ.

ಹುಲಿಗೆಮ್ಮ ಕಿಟಕಿಯಲ್ಲಿ ನೋಡಿದರೆ ಪಕ್ಕದ ಮನೆಯ ಕಾಂಪೌಂಡು ಹಿಂದೆ ಸರಿಯುತ್ತಿತ್ತು. ಅವಳ ಎಡಗಾಲು ಮ್ಯಾಟಿನ ಮೇಲೆಲ್ಲ ಹುಡುಕಾಡಿ, ಕೊನೆಗೆ ಕಲ್ಲಮ್ಮನ ವ್ಯಾನಿಟಿ ಬ್ಯಾಗನ್ನು ಒತ್ತಿ ಹಿಡಿಯಿತು.

ನಾಲ್ಕನೇ ಪಾಠ ಆಯನೂರಿನ ದಾರಿಯಲ್ಲಿ. ಎಮ್ಮೆಗಳು ಅಡ್ಡ ಬಂದವೆಂದು ಕಲ್ಲಮ್ಮ ಕಾರು ನಿಲ್ಲಿಸಿದರು. ಬ್ಯಾಟರಿ ಇಳಿದಿತ್ತು. ನಿಂತ ಕಾರಿನ ಇಂಜಿನ್ ತಾನಾಗಿಯೇ ಗುರುಗುಟ್ಟತೊಡಗಿತು.

"ಇಳೀರಿ ಮಾರಾಯ್ತಿ! ಯಾರೂ ಕ್ಲಚ್ ಒತ್ತಿಲ್ಲ, ಆದ್ರೂ ಇಂಜಿನ್ ತಿರುಗ್ತಿದೆ, ಚಕ್ರ ತಿರುಗ್ತಿಲ್ಲ. ಕ್ಲಚ್ ಪ್ಲೇಟ್ ಸುಟ್ಟೋಯ್ತು!"

ಹುಲಿಗೆಮ್ಮ ಇಳಿದು ಬಾನೆಟ್ ಎತ್ತಿ, ಸಾರು ಹಳಸಿದೆಯೋ ಎಂದು ನೋಡುವವರಂತೆ ಮೂಸಿದಳು. ಹಿಂದೆ ಸಾಗರದ ಬಸ್ಸು ಹಾರ್ನ್ ಒತ್ತಿತು. ಎಮ್ಮೆಗಳೂ ನಿಂತು ನೋಡಿದವು. ಕಲ್ಲಮ್ಮ ಶೋರೂಮಿನ ಮೆಕ್ಯಾನಿಕ್ ಜ್ಞಾನೇಶನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು.

"ಏನೂ ಆಗಿಲ್ಲ ಮೇಡಂ" ಎಂದ ಜ್ಞಾನೇಶ. "ಈಗ ಇಂಜಿನ್ ಚಕ್ರಕ್ಕೆ ಶಕ್ತಿ ಕೊಡ್ತಿಲ್ಲ, ಜನರೇಟರ್ ತಿರುಗಿಸಿ ಕರೆಂಟ್ ಮಾಡ್ತಿದೆ. ಊರೊಳಗೆ ಚಕ್ರ ತಿರುಗಿಸೋದು ಮೋಟಾರು. ಹೈವೇಲಿ ಜೋರಾಗಿ ಹೋದಾಗ ಒಳಗಿರೋ ಕ್ಲಚ್ ಹಿಡ್ಕೊಳ್ಳುತ್ತೆ, ಆಗ ಇಂಜಿನ್ನೇ ನೇರ ಚಕ್ರ ತಿರುಗಿಸುತ್ತೆ."

ಹುಲಿಗೆಮ್ಮ ಫೋನು ಕಿತ್ತುಕೊಂಡಳು. "ಏನಂದ್ರಿ? ಕ್ಲಚ್ ಇದೆಯಾ?"

"ಇದೆ. ಆದ್ರೆ ಯಾರೂ ಒತ್ತೋದು ಬೇಡ. ತಾನೇ ಹಿಡಿಯುತ್ತೆ, ತಾನೇ ಬಿಡುತ್ತೆ."

ಕಳೆದುಹೋದ ನೆಂಟರು ಸಿಕ್ಕಿದಷ್ಟು ಸಂತೋಷವಾಯಿತು ಅವಳಿಗೆ. ಎಮ್ಮೆಗಳು ದಾಟಿದ ಮೇಲೆ ಕಲ್ಲಮ್ಮನಿಗೆ ಜೋರಾಗಿ ಓಡಿಸಲು ಹೇಳಿ, ಬಗ್ಗಿ ಡ್ಯಾಶ್‌ಬೋರ್ಡಿಗೆ ಕಿವಿ ಕೊಟ್ಟಳು.

"ಹಿಡೀತು! ಕೇಳಿಸ್ತಾ?"

"ಇಲ್ಲ."

"ನಂಗೆ ಕೇಳಿಸ್ತು" ಎಂದಳು ಖಡಾಖಂಡಿತವಾಗಿ.

ಅಂದಿನಿಂದ ಅವಳ ಎಡಗಾಲು ಕ್ಲಚ್ಚು ಹುಡುಕುವುದನ್ನು ಬಿಟ್ಟಿತು. ಕೊನೆಯ ಪಾಠಕ್ಕೆ ಗಾಜನೂರು ಡ್ಯಾಮಿನ ಕಡೆ ಹೊರಟಾಗ, ಹತ್ತೊಂಬತ್ತು ವರ್ಷ ಶಿಷ್ಯರ ಪಕ್ಕದಲ್ಲಿ ರೆಪ್ಪೆ ಮುಚ್ಚದ ಹುಲಿಗೆಮ್ಮ ಊರು ದಾಟುವ ಮೊದಲೇ ಗೊರಕೆ ಹೊಡೆಯತೊಡಗಿದಳು. ಎಚ್ಚರವಾದಾಗ ಕಾರು ಡ್ಯಾಮಿನ ಹತ್ತಿರ ಮರದ ನೆರಳಲ್ಲಿ ನೀಟಾಗಿ ನಿಂತಿತ್ತು. ಕಲ್ಲಮ್ಮ ಹೊರಗೆ ನಿಂತು ಮೆಣಸಿನಕಾಯಿ ಬಜ್ಜಿ ತಿನ್ನುತ್ತಿದ್ದರು.

"ನಿದ್ದೆ ಮಾಡಿದ್ನಾ?"

"ಚೆನ್ನಾಗಿ."

ಹುಲಿಗೆಮ್ಮ ಸೆರಗು ಸರಿಮಾಡಿಕೊಂಡು, ಕೈಚಾಚಿ ಒಂದು ಬಜ್ಜಿ ತೆಗೆದುಕೊಂಡಳು. "ಹಂಗಾದ್ರೆ ನೀವು ಪಾಸು ಕಣ್ರೀ."